ಸೂಗಮ್ಮನ ಬಾವಿಯ ವಯಸ್ಸು

1932ರ ನವೆಂಬರ್ 6, ಭಾನುವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಕಮಲಾಪುರದ ಬಾಳೆತೋಟಗಳ ನಡುವೆ ಇರುವ ಹಳೆಯ ಮೆಟ್ಟಿಲುಬಾವಿಯಲ್ಲಿ, ಮೇಲಿನಿಂದ ಹದಿನೇಳನೆಯ ಮೆಟ್ಟಿಲ ಮೇಲೆ ಕುಳಿತು, ಹದಿಮೂರು ವರ್ಷದ ಕಸ್ತೂರಿಬಾಯಿ ಗೋಡೆಯ ಒಂದು ಕಲ್ಲನ್ನು ತೆಂಗಿನ ನಾರಿನಿಂದ ಉಜ್ಜುತ್ತಿದ್ದಳು. ಸಮಯ ಇಷ್ಟು ನಿಖರವಾಗಿ ಗೊತ್ತಿರುವುದಕ್ಕೆ ಅವಳ ನೋಟ್‌ಬುಕ್ಕೇ ಕಾರಣ. ತಂದೆಯ ಜೇಬಿನ ಗಡಿಯಾರವನ್ನು ಬೇಡಿ ತಂದಿದ್ದಳು. ಯಾವ ಕೆಲಸ ಶುರುಮಾಡಿದರೂ ಮೊದಲು ಗಂಟೆ, ನಿಮಿಷ ಬರೆಯುತ್ತಿದ್ದಳು.

ಪಾಚಿ ಹೋದ ಮೇಲೆ ಕಲ್ಲಿನ ಮೇಲೆ ಎರಡು ಸಾಲು ಫಾರ್ಸಿ ಅಕ್ಷರ ಕಂಡವು. ಕಾಗದವನ್ನು ಕಲ್ಲಿಗೆ ಒತ್ತಿ ಹಿಡಿದು, ಮೇಲೆ ಇದ್ದಲಿನ ಪುಡಿ ತಿಕ್ಕಿ ಅಚ್ಚು ತೆಗೆದಳು. ಶಾಲೆಯಲ್ಲಿ ಪಾಠವೆಲ್ಲ ಉರ್ದುವಿನಲ್ಲೇ ನಡೆಯುತ್ತಿದ್ದುದರಿಂದ ಓದುವುದು ಕಷ್ಟವಾಗಲಿಲ್ಲ. ಮೊದಲ ಸಾಲಿನಲ್ಲಿ 'ಸೂಗಮ್ಮನ ಬಾವಿ' ಎಂದಿತ್ತು. ಎರಡನೆಯದರಲ್ಲಿ 'ಸನ್ 1144'. ಅಷ್ಟೇ. ಯಾವ ಲೆಕ್ಕದ ಸನ್ ಎಂಬುದನ್ನು ಕೆತ್ತಿದವನು ಬರೆದಿರಲಿಲ್ಲ.

ಆ ವರ್ಷ ಜಿಲ್ಲೆಯ ಶಾಲೆಗಳ ಮಕ್ಕಳಿಗೆ ಒಂದು ಸ್ಪರ್ಧೆ ಇಟ್ಟಿದ್ದರು. ನಿಮ್ಮ ಊರಿನ ಒಂದು ಹಳೆಯ ಕುರುಹನ್ನು ನೀವೇ ಕಣ್ಣಾರೆ ನೋಡಿ, ಕೈಯಾರೆ ಅಳೆದು, ಅದರ ಚರಿತ್ರೆ ಬರೆಯಿರಿ. ಬರೆದು ಕಳಿಸಿದ ಮೇಲೆ ಕಲಬುರಗಿಯಲ್ಲಿ ಪರೀಕ್ಷಕರ ಮುಂದೆ ನಿಂತು ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಬರೆದದ್ದು ಒಂದು, ಹೇಳಿದ್ದು ಇನ್ನೊಂದು ಆದರೆ ಆ ಪ್ರಬಂಧವನ್ನು ಪಕ್ಕಕ್ಕಿಡುತ್ತಾರೆ. ಮೊದಲನೆಯ ಸ್ಥಾನ ಬಂದವರಿಗೆ ಹೈದರಾಬಾದಿನ ಹೈಸ್ಕೂಲಿನಲ್ಲಿ ಓದು, ವಸತಿ, ಊಟ ಎಲ್ಲ ಸರಕಾರದ್ದು.

ಕಸ್ತೂರಿಬಾಯಿ ಕಲಬುರಗಿಯಲ್ಲಿ ಶರಣಬಸವೇಶ್ವರ ಗುಡಿಯ ಹತ್ತಿರ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ದೀಪಾವಳಿಗೆಂದು ಊರಿಗೆ ಬಂದಾಗ ತಂದೆ ಅಣವೀರಪ್ಪ ಊಟದ ಹೊತ್ತಿಗೆ ಮಾತು ತೆಗೆದಿದ್ದರು. ಬಾಳೆತೋಟ, ಜೊತೆಗೆ ಕಾಳಿನ ವ್ಯಾಪಾರ ಮಾಡುವ ಮನುಷ್ಯ. ಮಾತು ಕಡಿಮೆ, ಆಡಿದ ಮೇಲೆ ಬದಲಿಸುವುದಿಲ್ಲ.

"ಚಿಂಚೋಳಿ ಕಡಿಂದ ಒಂದು ಸಂಬಂಧ ಬಂದದ. ಮಂದಿ ಛಲೋ ಇದ್ದಾರ."

"ನಾ ಓದಾಕತ್ತೀನಲ್ಲ ಅಪ್ಪಾ."

"ಅದಕ್ಕ ಹೇಳಾಕತ್ತೀನಿ. ಆ ಪರೀಕ್ಷಾದಾಗ ಮೊದಲನೇ ನಂಬರ ಬಾ, ಹೈದರಾಬಾದಿಗೆ ನಾನ ಕಳಸ್ತೀನಿ. ಎರಡನೇ ನಂಬರ ಬಂದ್ರೂ ಈ ವರ್ಷಕ್ಕ ಸಾಲಿ ಮುಗೀತು. ಆಮ್ಯಾಲ ಅಳಬಾರದು."

"ಅಳಂಗಿಲ್ಲ," ಎಂದಿದ್ದಳು ಕಸ್ತೂರಿಬಾಯಿ.

ಬಾವಿಯಿಂದ ಮನೆಗೆ ಬಂದಾಗ ಅಜ್ಜಿ ದುಂಡಮ್ಮ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಮೊಮ್ಮಗಳ ಕೈ, ಕೆನ್ನೆಯ ಮೇಲಿನ ಇದ್ದಲಿನ ಕಪ್ಪನ್ನು ನೋಡಿ ನಕ್ಕಳು.

"ಆಯ್ತೇನವಾ ಕಲ್ಲಿನ ಜಳಕ? ಮನಿ ದೇವರಿಗೂ ನಾ ಇಷ್ಟು ತಿಕ್ಕಿಲ್ಲ."

"ಆಯಿ, ಬಾವಿ ತೋಡಿಸಿದಾಕಿ ಸೂಗಮ್ಮ ಅಂತ. ಯಾರಾಕಿ?"

"ನಮ್ಮ ಮನಿಯಾಕೀನ ಇರಬೇಕು. ನನಗ ಗೊತ್ತಿಲ್ಲ. ತಡಿ, ಜೋಳ ಮನಿಗಿ ಬಂದಾವ. ಇನ್ನ ಹೆಳವ ಬರ್ತಾನ, ಅವನ್ನ ಕೇಳು."

ಕಸ್ತೂರಿಬಾಯಿ ಅಷ್ಟರಲ್ಲಿ ಲೆಕ್ಕ ಮುಗಿಸಿದ್ದಳು. ಶಾಲೆಯ ಹಾಜರಿ ಪುಸ್ತಕದಿಂದ ಹಿಡಿದು ಕಂದಾಯದ ಪಾವತಿಯವರೆಗೆ ನಿಜಾಮ್ ಸರಕಾರದ ಎಲ್ಲ ಕಾಗದಗಳೂ ಫಸಲಿ ವರ್ಷದಲ್ಲಿ ನಡೆಯುತ್ತಿದ್ದವು. ಆಗ ಫಸಲಿ 1342. ಅದರಲ್ಲಿ 1144 ಕಳೆದರೆ 198. ಬಾವಿಯ ವಯಸ್ಸು ನೂರಾ ತೊಂಬತ್ತೆಂಟು ಎಂದು ದೊಡ್ಡ ಅಕ್ಷರದಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದಳು.

ಮೂರನೆಯ ದಿನ ಹೆಳವ ಕಾಶಿರಾಯ ಎತ್ತಿನ ಮೇಲೆ ಕೂತು ಬಂದ. ಮನೆತನಗಳ ವಂಶಾವಳಿಯನ್ನು ಬಾಯಲ್ಲಿಟ್ಟುಕೊಂಡು, ಸುಗ್ಗಿಯ ಮೇಲೆ ಮನೆ ಮನೆಗೆ ಹೋಗಿ ಹೇಳಿ, ಕಾಳು ಪಡೆಯುವುದು ಅವನ ಕುಲದ ಕಸುಬು. ದುಂಡಮ್ಮ ಕೇರುವ ಮೊರದ ತುಂಬ ಜೋಳ ತಂದು ಮುಂದಿಟ್ಟಳು. ಕಾಶಿರಾಯ ಎತ್ತಿನ ಮೇಲಿಂದಲೇ ಗಂಟೆ ಬಾರಿಸಿ ಶುರುಮಾಡಿದ. ಈ ಮನೆತನದ ಮೂಲಪುರುಷ ಯಾವ ಊರಿಂದ ಬಂದ, ಯಾವ ಗಿಡದ ಕೆಳಗೆ ಇಳಿದ, ಅವನಿಗೆ ಎಷ್ಟು ಮಕ್ಕಳು, ಆ ಮಕ್ಕಳಿಗೆ ಎಷ್ಟು ಮಕ್ಕಳು. ಒಂದೇ ಉಸಿರಿನ ಹಾಡಿನಂತೆ ಹೆಸರುಗಳು ಹರಿದು ಬಂದವು. 'ಹಿರಿಯ ಮಗ ದೌಲಪ್ಪ, ದೌಲಪ್ಪನ ಸೊಸಿ ಸೂಗಮ್ಮ' ಎಂದದ್ದೇ ತಡ, ಕಸ್ತೂರಿಬಾಯಿ ನಡುವೆ ಬಾಯಿ ಹಾಕಿದಳು.

"ಯಾವ ವರ್ಷ ಅದು?"

ಕಾಶಿರಾಯನ ಹಾಡು ನಿಂತಿತು. ಕಣ್ಣು ಮುಚ್ಚಿದ, ತೆರೆದ.

"ಹೋತು," ಎಂದ. "ಕಡದುಬಿಟ್ಟಿ. ಇನ್ನ ಮೊದಲಿಂದ ಹೇಳಬೇಕು."

"ಸೂಗಮ್ಮನಿಂದ ಹೇಳ್ರಿ, ಸಾಕು."

"ನಡುವಿಂದ ಹೇಳಾಕ ಬರಂಗಿಲ್ಲವಾ. ಬೇರಿಂದ ಏರಬೇಕು ಗಿಡ. ಮೊದಲಿಂದ ಹೇಳಬೇಕಂದ್ರ," ಎಂದು ದುಂಡಮ್ಮನ ಕಡೆ ನೋಡಿದ, "ಇನ್ನೊಂದು ಮೊರ ಜೋಳ."

ದುಂಡಮ್ಮ ಗೊಣಗುತ್ತ ಇನ್ನೊಂದು ಮೊರ ತಂದಳು. ಎರಡನೆಯ ಸಲ ಕಸ್ತೂರಿಬಾಯಿಯ ಪೆನ್ಸಿಲ್ಲಿನ ಮೊನೆ ಮುರಿಯಿತು. "ತಡೀರಿ" ಎಂದುಬಿಟ್ಟಳು. ಕಾಶಿರಾಯ ಮತ್ತೆ ನಿಲ್ಲಿಸಿದ.

"ಇಕಿ ಓದಿದ್ರ ನಾವು ಉಪವಾಸ," ಎಂದಳು ದುಂಡಮ್ಮ, ಮೂರನೆಯ ಮೊರ ತುಂಬುತ್ತ.

ಮೂರನೆಯ ಸಲ ಕಸ್ತೂರಿಬಾಯಿ ಎಡಗೈಯಿಂದ ಬಾಯಿ ಮುಚ್ಚಿಕೊಂಡು, ಬಲಗೈಯಲ್ಲಿ ಎರಡು ಪೆನ್ಸಿಲ್ ಹಿಡಿದು ಕೂತಳು. ಆಗ ಪೂರ್ತಿ ಮಾತು ಸಿಕ್ಕಿತು. ದೌಲಪ್ಪನ ಸೊಸೆ ಸೂಗಮ್ಮ, ಗಂಡ ತೀರಿದ ಮೇಲೆ ಹೊಲ ತಾನೇ ನಡೆಸಿದವಳು, ವಿರೋಧಿಕೃತ್ ಸಂವತ್ಸರದ ಕಾರ್ತಿಕ ಮಾಸದಲ್ಲಿ ಬಾವಿ ತೋಡಿಸಿ, ಕಲ್ಲು ಕಟ್ಟಿಸಿದಳು.

ಸಂವತ್ಸರಗಳು ಅರವತ್ತು. ಒಂದು ಸುತ್ತು ಮುಗಿದರೆ ಅದೇ ಹೆಸರುಗಳು ಮತ್ತೆ ಮೊದಲಿಂದ ಬರುತ್ತವೆ. ದುಂಡಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ, ಅರವತ್ತೂ ಹೆಸರು ಬರುತ್ತಿದ್ದವು. ನಾಲ್ಕು ಬೆರಳಿಗೆ ಮೂರು ಮೂರು ಗೆಣ್ಣು, ಹನ್ನೆರಡು. ಐದು ಸಲ ಎಣಿಸಿದರೆ ಒಂದು ಸುತ್ತು. ಊಟವಾದ ಮೇಲೆ ಮೊಮ್ಮಗಳು ಹೇಳಿದಂತೆ, ಆ ವರ್ಷದ ಆಂಗೀರಸದಿಂದ ಹೆಬ್ಬೆರಳನ್ನು ಹಿಂದಕ್ಕೆ ನಡೆಸುತ್ತ ಹೋದಳು. ಮೂರು ಸುತ್ತಿಗೆ ನೂರಾ ಎಂಬತ್ತು. ಇನ್ನು ಹದಿನೆಂಟು.

"ಆನಂದ," ಎಂದಳು.

"ವಿರೋಧಿಕೃತ್ ಬರಬೇಕಿತ್ತು ಆಯಿ."

"ಅದಕ್ಕ ಇನ್ನೂ ಮೂರು ಹಿಂದ ಹೋಗಬೇಕು. ಪ್ರಮಾದಿ, ಪರಿಧಾವಿ, ವಿರೋಧಿಕೃತ್."

"ಹಂಗಾದ್ರ ಹೆಳವ ಮೂರು ವರ್ಷ ತಪ್ಪಿದನೇನು?"

"ಎರಡು ಸಲ ನೀ ಕಡದಿ. ಮೂರು ಸಲಾನೂ ಒಂದು ಹೆಸರೂ ಅತ್ತಿತ್ತ ಆಗಲಿಲ್ಲ. ಅವ ತಪ್ಪಿಲ್ಲ. ನಿನ್ನ ಕಲ್ಲ ನೋಡಿಕೋ ಹೋಗು."

ಕಲ್ಲನ್ನು ಮತ್ತೆ ಹೋಗಿ ನೋಡಿದಳು. 1144 ಎಂದೇ ಇತ್ತು. ತಪ್ಪಿದ್ದು ಕಲ್ಲಲ್ಲ, ಹೆಳವನೂ ಅಲ್ಲ ಎಂದಾದರೆ ಉಳಿದದ್ದು ಅವಳ ಕಳೆಯುವ ಲೆಕ್ಕ. ತಂದೆಯ ಅಂಗಡಿಯ ಗೋಡೆಯ ಕ್ಯಾಲೆಂಡರಿನಲ್ಲಿ ಒಂದೇ ದಿನಕ್ಕೆ ಮೂರು ಲೆಕ್ಕ ಅಚ್ಚಾಗಿದ್ದವು: ಫಸಲಿ 1342, ಹಿಜರಿ 1351, ಇಂಗ್ಲಿಷ್ 1932. ಫಾರ್ಸಿ ಬರೆಯುವವನು ಕಲ್ಲಿನ ಮೇಲೆ ಹಿಜರಿ ಬರೆದಿರಬಹುದಲ್ಲವೇ? ಕಚೇರಿಯ ಫಸಲಿಯಿಂದ ಕಲ್ಲಿನ ಹಿಜರಿಯನ್ನು ಕಳೆದದ್ದು, ಸೇರಿನಿಂದ ಗಜವನ್ನು ಕಳೆದಂತೆ ಆಗಿತ್ತು.

ಆದರೆ 1351ರಲ್ಲಿ 1144 ಕಳೆದರೆ 207. ಅದೂ ಹೊಂದಲಿಲ್ಲ. ಇಡೀ ಒಂದು ಮಧ್ಯಾಹ್ನ ಅದರ ಮೇಲೆ ಕೂತಳು. ಹಿಜರಿ ವರ್ಷ ಚಂದ್ರನದು, ಅದಕ್ಕೆ 354 ದಿನ. ಮಳೆ, ಬೆಳೆ, ಸಂವತ್ಸರ ನಡೆಯುವ ವರ್ಷಕ್ಕೆ 365. ಇನ್ನೂರಾ ಏಳನ್ನು 354ರಿಂದ ಗುಣಿಸಿ 365ರಿಂದ ಭಾಗಿಸಿದಳು. ಇನ್ನೂರು ವರ್ಷ, ಮೇಲೆ 278 ದಿನ ಬಂತು. ಕಲ್ಲಿನಲ್ಲಿ ತಿಂಗಳು ಬರೆದಿಲ್ಲವಾದ್ದರಿಂದ ಕೆಲವು ತಿಂಗಳ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಹೆಳವನ ಲೆಕ್ಕಕ್ಕೆ, ಅಂದರೆ 198ರ ಮೇಲೆ ಇನ್ನೂ ಮೂರು ಸೇರಿದ ಇನ್ನೂರಾ ಒಂದಕ್ಕೆ, ಅದು ಸರಿಯಾಗಿ ಕೂಡುತ್ತಿತ್ತು. ನೋಟ್‌ಬುಕ್ಕಿನಲ್ಲಿ 198 ಹೊಡೆದುಹಾಕಿ 201 ಬರೆದಳು. ಈ ಸಲ ಗೆರೆ ಎಳೆಯಲಿಲ್ಲ.

ಕಲಬುರಗಿಗೆ ಹಿಂತಿರುಗಿ ಪ್ರಬಂಧ ಬರೆದು ಪುತಳಾಬಾಯಿಯವರಿಗೆ ಕೊಟ್ಟಳು. ಹುಡುಗಿಯರ ಶಾಲೆಯಲ್ಲಿ ಹದಿನಾಲ್ಕು ವರ್ಷದಿಂದ ಕಲಿಸುತ್ತಿದ್ದ ಪುತಳಾಬಾಯಿಗೆ ಕಸ್ತೂರಿಬಾಯಿ ಮೊದಲನೆಯ ಸ್ಥಾನ ಪಡೆಯುತ್ತಾಳೆಂಬ ಆಸೆ ತಂದೆಗಿಂತ ಹೆಚ್ಚಿತ್ತು. ಆ ಆಸೆಯೇ ಹೆದರಿಕೆಯೂ ಆಯಿತು. ಕೆಂಪು ಶಾಯಿಯಲ್ಲಿ 201 ತಿದ್ದಿ 198 ಮಾಡಿದರು. ಹೆಳವನ ಪ್ಯಾರಾಕ್ಕೆ ಅಡ್ಡಗೆರೆ ಹಾಕಿದರು.

"ಬಾಯಾರ, ಅದು ಹಿಜರಿ ಅದ ರೀ."

"ಸರಕಾರಿ ಕಾಗದದಾಗ ಫಸಲಿನ ನಡೀತದ ಕಸ್ತೂರಿ. ಎಲ್ಲಾರೂ ಹಂಗ ಬರೀತಾರ. ಎತ್ತಿನ ಮ್ಯಾಲ ಬಂದವ ಹೇಳಿದ ಅಂತ ಬರದ್ರ ಸಾಹೇಬರು ನಗತಾರ. ನಗಸ್ಕೋತೀಯೇನು?"

ಮುಖ್ಯೋಪಾಧ್ಯಾಯಿನಿಯ ಸಹಿ ಬಿದ್ದ ಶುದ್ಧ ಪ್ರತಿ 198 ಎಂದೇ ಕಚೇರಿಗೆ ಹೋಯಿತು.

ಡಿಸೆಂಬರ್ 10, ಶನಿವಾರ, ಕಲಬುರಗಿಯಲ್ಲಿ ನಿಜಾಮರ ಅತಿಥಿಗೃಹ ಐವಾನ್-ಎ-ಶಾಹಿಯ ಕಡೆ ಹೋಗುವ ದಾರಿಯಲ್ಲಿದ್ದ ಒಂದು ಶಾಲೆಯ ಸಭಾಂಗಣದಲ್ಲಿ ಬಾಯಿ ಪರೀಕ್ಷೆ ನಡೆಯಿತು. ಹನ್ನೊಂದು ಮಕ್ಕಳು. ಕಸ್ತೂರಿಬಾಯಿಯ ಸರದಿ ಕೊನೆಯದು. ಪರೀಕ್ಷಕರು ಖಮರುದ್ದೀನ್ ಸಾಹೇಬರು, ಇಪ್ಪತ್ತೈದು ವರ್ಷ ಚರಿತ್ರೆ ಕಲಿಸಿ ಬಿಳಿ ಗಡ್ಡ ಬಿಟ್ಟವರು. ಆಳಂದದ ಕಡೆಯವರಾದ್ದರಿಂದ ಊರ ಕನ್ನಡ ಚೆನ್ನಾಗಿ ಬರುತ್ತಿತ್ತು. ಬಲಗಡೆ ಬಿದಿರಿನ ಪರದೆಯ ಹಿಂದೆ ಶಿಕ್ಷಕಿಯರು ಕೂತಿದ್ದರು. ಅಣವೀರಪ್ಪ ಬೆಳಗಿನ ಮೋಟಾರಿಗೆ ಬಂದು, ಒಳಗೆ ಕೂರಲು ಸಂಕೋಚಪಟ್ಟು, ದೂರದ ಬಾಗಿಲಲ್ಲಿ ಗಂಡಸರ ಹಿಂದೆ ನಿಂತಿದ್ದರು. ಅಲ್ಲಿಗೆ ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ.

ಸಾಹೇಬರು ಇದ್ದಲಿನ ಅಚ್ಚನ್ನು ಬೆಳಕಿಗೆ ಹಿಡಿದು ನೋಡಿದರು. ಮೆಟ್ಟಿಲು ಎಷ್ಟು ಎಂದು ಕೇಳಿದರು; ಹೇಳಿದಳು. ಅಗಲ ಕೇಳಿದರು, ಮೇಲೆ ಇಷ್ಟು, ನೀರಿನ ಹತ್ತಿರ ಇಷ್ಟು ಎಂದು ಎರಡನ್ನೂ ಹೇಳಿದಳು.

"ಭಲೇ. ಇನ್ನ ಹೇಳು ಬೇಟಿ, ಬಾವಿಗೆ ವಯಸ್ಸೆಷ್ಟು?"

ಕಾಗದದ ಮೇಲಿದ್ದದ್ದು 198. ಅದನ್ನು ಹೇಳಿದರೆ ಮಾತೂ ಬರಹವೂ ಒಂದಾಗುತ್ತಿದ್ದವು. ಅವಳು ಪರದೆಯ ಕಡೆ ಒಮ್ಮೆ ನೋಡಿದಳು.

"ಇನ್ನೂರಾ ಒಂದು ರೀ."

ಸಾಹೇಬರು ಕನ್ನಡಕ ಸರಿಮಾಡಿಕೊಂಡು ಕಾಗದ ನೋಡಿದರು. "ಇಲ್ಲಿ ನೂರಾ ತೊಂಬತ್ತೆಂಟು ಅಂತ ಅದ. ರಾತ್ರೋರಾತ್ರಿ ಮುದಿ ಆಯ್ತೇನು ಬಾವಿ?"

ಸಭೆಯಲ್ಲಿ ನಗು ಎದ್ದಿತು. ಕಸ್ತೂರಿಬಾಯಿ ನಗಲಿಲ್ಲ.

"ಕಾಗದದಾಗ ಇದ್ದದ್ದು ತಪ್ಪದ ರೀ."

"ನಿಯಮ ಓದೀಯಿಲ್ಲೋ? ಬರದದ್ದು ಬ್ಯಾರೆ, ಹೇಳಿದ್ದು ಬ್ಯಾರೆ ಆದ್ರ ಏನಾಗ್ತದ?"

"ಓದೀನಿ ರೀ. ಆದ್ರೂ ಬಾವಿ ವಯಸ್ಸು ಇನ್ನೂರಾ ಒಂದ ರೀ."

ಸಾಹೇಬರು ಕಾಗದವನ್ನು ಪಕ್ಕಕ್ಕಿಡಲು ಕೈ ಎತ್ತಿದರು. ಆಗ ಬಿದಿರಿನ ಪರದೆ ಅಲುಗಾಡಿತು. ಪುತಳಾಬಾಯಿ ಹೊರಗೆ ಬಂದರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಗಂಡಸರು ತುಂಬಿದ ಸಭೆಯಲ್ಲಿ ನೆಟ್ಟಗೆ ಮೇಜಿನ ತನಕ ನಡೆದರು. ಕೈಯಲ್ಲಿ ಕಸ್ತೂರಿಬಾಯಿ ಮೊದಲು ಬರೆದ ಪ್ರತಿ ಇತ್ತು.

"ಸಾಹೇಬರ, ಹುಡುಗಿ ಬರದದ್ದು ಇದು. ಕೆಂಪು ಶಾಯಿ ನಂದು. ತಪ್ಪೂ ನಂದು."

ಸಾಹೇಬರು ಆ ಪ್ರತಿಯನ್ನು ಎರಡು ಸಲ ಓದಿದರು. ಕೆಂಪು ಗೆರೆಯ ಕೆಳಗೆ ಹೆಳವ, ಸಂವತ್ಸರ, ಅಜ್ಜಿಯ ಬೆರಳಿನ ಗೆಣ್ಣು ಎಲ್ಲ ಕಾಣುತ್ತಿದ್ದವು. ಓದಿ ಮುಗಿಸಿ, ಮೇಜಿನ ಮೇಲಿದ್ದ ಉಳಿದ ಹತ್ತು ಪ್ರಬಂಧಗಳ ಮೇಲೆ ಕೈ ಬಡಿದರು.

"ಬಾಯಾರ, ನೀವೊಬ್ಬರ ತಪ್ಪಿಲ್ಲ. ಇವರಾಗ ಎಂಟು ಮಂದಿ ಗೋರಿ, ಮಸೂತಿ, ಬಾವಿ, ಎಲ್ಲಾನೂ ಫಸಲಿಯಿಂದ ಕಳದಾರ. ನಾವು ಕಚೇರಿ ಮಂದಿ ನೋಡ್ರಿ, ಸತ್ತವರನ್ನೂ ಫಸಲಿಯೊಳಗ ಹುಗೀತೀವಿ." ಆಮೇಲೆ ಹುಡುಗಿಯ ಕಡೆ ತಿರುಗಿದರು. "ನೀ ಬರದ ಪ್ರತಿ ಇದು, ಹೇಳಿದ್ದೂ ಇದ. ನಿಯಮಕ್ಕ ಅಡ್ಡಿಯಿಲ್ಲ. ಆದ್ರ ನಂದೊಂದು ಲೆಕ್ಕ ಅದ. ಹಿಜರಿಯಿಂದ ಹಿಜರಿ ಕಳದ್ರ ಇನ್ನೂರಾ ಏಳು ಬರ್ತದ. ಆರು ವರ್ಷ ಎಲ್ಲಿಟ್ಟಿ? ಗುಣಾಕಾರ ಭಾಗಾಕಾರ ಕಾಗದದ ಮ್ಯಾಲ ನೋಡ್ದೆ. ಅದು ಯಾರಾದ್ರೂ ಮಾಡಿಕೊಟ್ಟಿರಬಹುದು. ಬಾಯಿಂದ ತಿಳಿಸಿ ಹೇಳು. ಹೇಳಿದ್ರ ಮೊದಲನೇ ಹೆಸರು ನಿಂದು."

ಫಲಿತಾಂಶದ ಹಾಳೆಯನ್ನು ಮುಂದಕ್ಕೆ ಎಳೆದು, ಮೊದಲನೆಯ ಗೆರೆಯ ಮೇಲೆ ಪೆನ್ನು ಹಿಡಿದು ಕಾದರು.

"ಸಾಹೇಬರ, ಏಳು ವರ್ಷದ ಹಿಂದ ನಾ ಮೊದಲ ಸಲ ಸಾಲಿಗಿ ಹೋದಾಗ ಮೊಹರಂ ಶ್ರಾವಣದ ಮಳ್ಯಾಗ ಬಂದಿತ್ತು. ಊರಾಗ ಪೀರ ಹೊತ್ತವರು ಕೆಸರಾಗ ಜಾರಿ ಬೀಳ್ತಿದ್ರು. ಈ ವರ್ಷ ಬ್ಯಾಸಗ್ಯಾಗ ಬಂತು, ಅಂಗಾಲು ಸುಡ್ತಿದ್ದವು. ವರ್ಷಾ ವರ್ಷಾ ಹನ್ನೊಂದು ದಿನ ಹಿಂದಕ್ಕ ಸರೀತದ ರೀ. ಬೆಳಿ ವರ್ಷ ಸರಿಯಂಗಿಲ್ಲ. ಆ ಹನ್ನೊಂದು ಹನ್ನೊಂದು ಕೂಡಿ ಒಂದು ವರ್ಷ ತುಂಬಿದಾಗೆಲ್ಲ, ಹಿಜರಿ ಲೆಕ್ಕದಾಗ ಒಂದು ವರ್ಷ ಹೆಚ್ಚಿಗಿ ಬರ್ತದ. ನಿಮ್ಮ ಆರು ವರ್ಷ ಅವ ರೀ."

ಸಾಹೇಬರ ಪೆನ್ನು ಅಲುಗಲಿಲ್ಲ. ಗಡ್ಡದೊಳಗೆ ನಗು ಇತ್ತು.

"ಒಪ್ದೆ. ಹಂಗಾದ್ರ ಇಷ್ಟು ಹೇಳು. ಎಷ್ಟು ವರ್ಷಕ್ಕೊಮ್ಮೆ ಹಂಗ ಒಂದು ವರ್ಷ ಹೆಚ್ಚಿಗಿ ಬರ್ತದ? ಕಾಗದ ಮುಟ್ಟಬ್ಯಾಡ."

ದೂರದ ಬಾಗಿಲಿನಿಂದ ಅಣವೀರಪ್ಪನವರಿಗೆ ಕಂಡದ್ದು ಇಷ್ಟು: ಮಗಳು ಕಣ್ಣು ಮುಚ್ಚಿದಳು. ತುಟಿ ಅಲುಗಿದವು. ಕಣ್ಣು ತೆರೆದು ಒಂದೇ ಮಾತು ಹೇಳಿದಳು. ಸಾಹೇಬರು ಹಾಳೆಯ ಮೂಲೆಯಲ್ಲಿ ಇನ್ನೂರಾ ಏಳನ್ನು ಅದರಿಂದ ಭಾಗಿಸಿ ನೋಡಿದರು. ಆರು ಬಂತು, ಸ್ವಲ್ಪ ಶೇಷ ಉಳಿಯಿತು. ಆಮೇಲೆ ಮೊದಲನೆಯ ಗೆರೆಯ ಮೇಲೆ ಉರ್ದುವಿನಲ್ಲಿ, ಬಲದಿಂದ ಎಡಕ್ಕೆ, ಒಂದು ಹೆಸರು ಬರೆದು, ಎದ್ದು ನಿಂತು ಓದಿದರು. ಆ ಹೆಸರು ಬಾಗಿಲಿಗೂ ಕೇಳಿಸಿತು. ಪುತಳಾಬಾಯಿ ಪರದೆಯ ಹಿಂದಕ್ಕೆ ಹೋಗುವುದನ್ನು ಮರೆತು ಅಲ್ಲೇ ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ಜೂನ್ ತಿಂಗಳಲ್ಲಿ ಕಸ್ತೂರಿಬಾಯಿ ಹೈದರಾಬಾದಿಗೆ ಹೋದಳು. ರೈಲು ನಿಲ್ದಾಣಕ್ಕೆ ಕಳಿಸಲು ಬಂದ ತಂದೆ ಕೆಂಪು ಬಾಳೆಯ ಒಂದು ಇಡೀ ಗೊನೆ ಹೊತ್ತು ತಂದಿದ್ದರು. ಹೈಸ್ಕೂಲು, ಆಮೇಲೆ ಶಿಕ್ಷಕಿಯರ ತರಬೇತಿ ಮುಗಿಸಿ 1939ರಲ್ಲಿ ಪುತಳಾಬಾಯಿಯವರ ಶಾಲೆಗೇ ಚರಿತ್ರೆ ಕಲಿಸಲು ಬಂದಳು. ಪ್ರತಿ ದೀಪಾವಳಿಗೆ ಹುಡುಗಿಯರನ್ನು ತಮ್ಮ ತಮ್ಮ ಊರಿನ ಹಳೆಯ ಕಲ್ಲು, ಬಾವಿ, ಅಗಸೆ ಬಾಗಿಲುಗಳನ್ನು ನೋಡಿ ಬರಲು ಕಳಿಸುತ್ತಿದ್ದಳು. ಹಾಳೆಯಲ್ಲಿ ಮೂರು ಮನೆ ಎಳೆಸುತ್ತಿದ್ದಳು: ಕಲ್ಲು ಹೇಳುವ ವರ್ಷ, ಮನೆಯ ಹಿರಿಯರು ಹೇಳುವ ಸಂವತ್ಸರ, ನಿನ್ನ ಲೆಕ್ಕ. ಮೂರೂ ಕೂಡುವ ತನಕ ವಯಸ್ಸು ಬರೆಯುವಂತಿರಲಿಲ್ಲ. ಯಾವ ಹುಡುಗಿಯ ಬರಹವನ್ನೂ ಶಾಯಿಯಿಂದ ತಿದ್ದಲಿಲ್ಲ. ಅನುಮಾನ ಬಂದ ಕಡೆ ಪೆನ್ಸಿಲ್ಲಿನಿಂದ ಒಂದು ಪ್ರಶ್ನೆ ಬರೆಯುತ್ತಿದ್ದಳು. ಪುತಳಾಬಾಯಿ ನಿವೃತ್ತರಾಗುವ ತನಕ ಇಬ್ಬರೂ ಮಧ್ಯಾಹ್ನದ ಬುತ್ತಿಯನ್ನು ಒಂದೇ ಕಡೆ ಕೂತು ಉಂಡರು.

1932ರ ಆ ಸ್ಪರ್ಧೆಯ ದಿನ ಸಂಜೆ ತಂದೆ ಮಗಳು ಸರ್ವಿಸ್ ಮೋಟಾರಿನಲ್ಲಿ ಕಮಲಾಪುರಕ್ಕೆ ಹೊರಟರು. ಊರು ದಾಟಿದ ಮೇಲೆ ಅಣವೀರಪ್ಪ ಮಗಳ ಕಡೆ ತಿರುಗಿದರು.

"ಚಿಂಚೋಳಿಯವರಿಗೆ ನಾಳೆ ಚೀಟಿ ಬರೀತೀನಿ. ಇಲ್ಲ ಅಂತ."

ಕಸ್ತೂರಿಬಾಯಿ ತಲೆಯಾಡಿಸಿದಳು. ಅಳುವುದಿಲ್ಲವೆಂದು ಮಾತು ಕೊಟ್ಟದ್ದು ಸೋತರೆ ಮಾತ್ರ ಎಂದುಕೊಂಡು, ಮುಖ ಹೊರಗೆ ತಿರುಗಿಸಿ ಸ್ವಲ್ಪ ಅತ್ತಳು. ಅಣವೀರಪ್ಪ ಅದನ್ನು ನೋಡದವರಂತೆ ಕೂತರು. ಇನ್ನೂ ಒಂದು ಮೈಲಿ ಹೋದ ಮೇಲೆ ಕೇಳಿದರು:

"ಸಾಹೇಬರು ಕಡೀಕ ಏನೋ ಕೇಳಿದ್ರು. ನೀ ಒಂದು ಮಾತು ಅಂದಿ, ಅವರು ಬರದುಬಿಟ್ರು. ಏನಂದಿ?"

ಅವಳು ಹೇಳಿದಳು. ಮೋಟಾರಿನ ಸದ್ದಿನಲ್ಲಿ ಕೇಳಿಸಲಿಲ್ಲ.

"ಏನಂದಿ? ಜೋರಾಗಿ ಹೇಳವಾ!"

ಮುಂದಿನ ಸೀಟಿನವರೆಲ್ಲ ಹಿಂತಿರುಗಿ ನೋಡುವಂತೆ ಅವಳು ಕೂಗಿ ಹೇಳಿದಳು:

"ಮೂವತ್ತಮೂರು!"